ಹಳೆಯ ಡೀಸೆಲ್ ಕಾರು: ಕೊಳ್ಳುವ ಮುನ್ನ ಪರೀಕ್ಷೆ, ಕೊಂಡ ಮೇಲೆ ಪಾಲನೆ

ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಹತ್ತಿ, ಮೆಣಸಿನಕಾಯಿ ಮಾರಿದ ಹಣದಲ್ಲಿ ಹಳೆಯ ಡೀಸೆಲ್ ಕಾರು ಕೊಳ್ಳುವ ರೈತರುಂಟು. ಮಾರುತಿ ಕಂಪನಿಯು 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಆದ್ದರಿಂದ ಸ್ವಿಫ್ಟ್, ರಿಟ್ಜ್‌ನಂತಹ ಡೀಸೆಲ್ ಗಾಡಿಗಳೆಲ್ಲವೂ ಅದಕ್ಕಿಂತ ಹಿಂದಿನವು. ಇವುಗಳ ಇಂಜೆಕ್ಟರ್ ಅಥವಾ ಟರ್ಬೊ ಕೆಟ್ಟರೆ ದುರಸ್ತಿಗೆ ಹೆಚ್ಚು ಹಣ ಬೇಕು. ಮುಂಗಡ ಕೊಡುವ ಮೊದಲೇ ಪರೀಕ್ಷಿಸುವುದು ಜಾಣತನ.

ಕೊಳ್ಳುವ ಮುನ್ನ

1. ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಹೋಗಿರಿ. ಬಾನೆಟ್ ಮುಟ್ಟಿ ನೋಡಿರಿ. ಬೆಚ್ಚಗಿದ್ದರೆ ಮೊದಲೇ ಚಾಲೂ ಮಾಡಿದ್ದಾರೆಂದು ತಿಳಿದು ಇನ್ನೊಂದು ದಿನ ಹೋಗಿರಿ.

2. ಹೊಗೆಯನ್ನು ಗಮನಿಸಿರಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ದಟ್ಟ ಕಪ್ಪು ಹೊಗೆಗೆ ಏರ್ ಫಿಲ್ಟರ್, ಇಂಜೆಕ್ಟರ್ ಅಥವಾ ಟರ್ಬೊ ಪೈಪಿನ ದೋಷ ಕಾರಣವಿರಬಹುದು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿರಿ.

3. ಡೀಸೆಲ್ ಎಂಜಿನ್ನಿನ ಆಯಿಲ್ ಬೇಗನೆ ಕಪ್ಪಾಗುವುದು ಸಹಜ, ಅದು ದೋಷವಲ್ಲ. ಆದರೆ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಸಡಿಲಿಸಿದರೆ ಹೊಗೆ ರಭಸದಿಂದ ನುಗ್ಗುವುದು ಪಿಸ್ಟನ್ ರಿಂಗ್ ಸವೆದಿರುವ ಸೂಚನೆ.

4. ಏರು ರಸ್ತೆಯಲ್ಲಿ ಓಡಿಸಿರಿ. ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ.

5. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಕಲೆ ಹುಡುಕಿರಿ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಪ್ರವಾಹದಲ್ಲಿ ಅನೇಕ ವಾಹನಗಳು ಮುಳುಗಿದ್ದವು. ಅಲ್ಲಿಂದ ಬಂದ ಗಾಡಿಯನ್ನು ವಿಶೇಷವಾಗಿ ಪರೀಕ್ಷಿಸಬೇಕು.

ಕಾಗದಪತ್ರ

ಆರ್.ಸಿ.ಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಗಾಡಿಯೊಂದಿಗೆ ತಾಳೆ ನೋಡಿರಿ. ಸಾಲವಿದ್ದರೆ ಅದು ತೀರಿದ್ದಕ್ಕೆ ನಮೂನೆ 35, ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ತೆಲಂಗಾಣದ ಗಾಡಿಯಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರವೂ ಬೇಕು. ಇಲ್ಲಿ ಕಟ್ಟಬೇಕಾದ ತೆರಿಗೆ ಎಷ್ಟೆಂದು ಯಾದಗಿರಿಯ ಸಾರಿಗೆ ಕಚೇರಿಯಲ್ಲಿ (ಕೆಎ 33) ಮೊದಲೇ ವಿಚಾರಿಸಿರಿ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣವಾಗಿರಬೇಕು. ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿರಿ.

ಕೊಂಡ ಮೇಲೆ

ಡೀಸೆಲ್ ಎಂಜಿನ್ನಿಗೆ ಶುದ್ಧ ಗಾಳಿ, ಶುದ್ಧ ಡೀಸೆಲ್, ಒಳ್ಳೆಯ ಆಯಿಲ್ ಮೂರೂ ಬೇಕು. ಮೊದಲಿಗೆ ಆಯಿಲ್ ಮತ್ತು ಎಲ್ಲ ಫಿಲ್ಟರ್‌ಗಳನ್ನು ಬದಲಾಯಿಸಿರಿ. ಮುಂದೆ ಕೈಪಿಡಿಯಲ್ಲಿ ಹೇಳಿದ ಅವಧಿ ಪಾಲಿಸಿರಿ. ಧೂಳಿನ ಹೊಲದ ದಾರಿಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರನ್ನು ಇನ್ನೂ ಬೇಗ ನೋಡಬೇಕು.

ಟ್ರ್ಯಾಕ್ಟರಿಗೆಂದು ಬ್ಯಾರಲ್‌ನಲ್ಲಿ ಕೂಡಿಟ್ಟ ಡೀಸೆಲನ್ನು ಕಾರಿಗೆ ಹಾಕಬೇಡಿರಿ. ಅದರಲ್ಲಿನ ನೀರು, ಕಸ ಇಂಜೆಕ್ಟರನ್ನು ಹಾಳುಮಾಡುತ್ತವೆ. ಡೀಸೆಲ್ ಫಿಲ್ಟರಿನ ಕೆಳಗೆ ನಿಂತ ನೀರನ್ನು ಆಗಾಗ ಹೊರಬಿಡಿಸಿರಿ.

ಮಳೆಗಾಲದಲ್ಲಿ ಎರೆಮಣ್ಣು ರೇಡಿಯೇಟರಿಗೂ ಚಕ್ರಗಳ ಒಳಬದಿಗೂ ಮೆತ್ತಿಕೊಳ್ಳುತ್ತದೆ. ಅದನ್ನು ತೊಳೆದು, ಆಕ್ಸಲ್ಲಿನ ರಬ್ಬರ್ ಕವಚ ಹರಿದಿದೆಯೇ ನೋಡಿರಿ. ಬೇಸಿಗೆಗೆ ಮುಂಚೆ ಕೂಲಂಟ್ ಮಟ್ಟ ಪರೀಕ್ಷಿಸಿರಿ. ಎಂಜಿನ್ ಬಿಸಿಯಿದ್ದಾಗ ಮುಚ್ಚಳ ತೆಗೆಯಲೇಬಾರದು. ದೂರ ಓಡಿಸಿ ಬಂದ ಮೇಲೆ ಒಂದು ನಿಮಿಷ ಎಂಜಿನ್ ನಿಧಾನವಾಗಿ ಓಡಲು ಬಿಟ್ಟು ಬಂದ್ ಮಾಡಿದರೆ ಟರ್ಬೊ ಬಾಳಿಕೆ ಬರುತ್ತದೆ.

ಕಾರಿಗಾಗಿ ಇಟ್ಟ ಹಣವನ್ನೆಲ್ಲ ಮಾರಾಟಗಾರನಿಗೆ ಕೊಡದೆ, ಮೊದಲ ದುರಸ್ತಿಗೆ ಒಂದು ಪಾಲು ಉಳಿಸಿಕೊಳ್ಳಿರಿ. ವಾರಕ್ಕೊಮ್ಮೆ ಸಂತೆಗೆ ಮಾತ್ರ ಹೋಗಿಬರುವವರಿಗೆ ಪೆಟ್ರೋಲ್ ಕಾರೇ ಮೇಲು. ಹೆಚ್ಚು ಓಡಾಟವಿದ್ದವರಿಗೆ ಮಾತ್ರ ಡೀಸೆಲ್ ಕಾರು ಲಾಭಕರ.