ಘಟ್ಟದ ಮೇಲೂ ಮೀನು ಒಣಗದಿರಲಿ

ನಮ್ಮ ಬ್ಯಾರಿ ಮನೆಗಳಲ್ಲಿ ಮಧ್ಯಾಹ್ನ ಮೀನಿಲ್ಲದಿದ್ದರೆ ಅದೊಂದು ಊಟ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಳಗ್ಗೆ ಮೀನಿನವರ ಹಾರ್ನ್ ಕೇಳಿದ ಕೂಡಲೇ ಪಾತ್ರೆ ಹಿಡಿದು ಗೇಟಿಗೆ ಓಡುವ ಉಮ್ಮಂದಿರನ್ನು ನೋಡಿಯೇ ನಾವೆಲ್ಲ ಬೆಳೆದದ್ದು. ಬೂತಾಯಿಯೋ ಬಂಗುಡೆಯೋ, ಹಿಂದಿನ ದಿನ ಕಡಲಲ್ಲಿ ಈಜಿದ್ದು ಇವತ್ತು ನಮ್ಮ ಚಟ್ಟಿಯಲ್ಲಿ. ಹಾಗಿರುವಾಗ ಮೀನು ಬೇಯಿಸುವುದು ಒಂದು ವಿದ್ಯೆ ಎಂದು ನಮಗೆ ಯಾವತ್ತೂ ಅನ್ನಿಸಿರಲಿಲ್ಲ. ಅದು ವಿದ್ಯೆ ಹೌದು ಎಂದು ನನಗೆ ತಿಳಿದದ್ದು ಕಡಲು ಬಿಟ್ಟು ಚಿತ್ತಾಪುರಕ್ಕೆ ಬಂದ ಮೇಲೆ.

ಮದ್ರಸದ ಕೆಲಸಕ್ಕಾಗಿ ಕಲಬುರಗಿ ಜಿಲ್ಲೆಯ ಈ ಭಾಗಕ್ಕೆ ಬಂದು ಒಂಬತ್ತು ವರ್ಷವಾಯಿತು. ಒಂದು ಕಡೆ ವಾಡಿ ಜಂಕ್ಷನ್, ಅದರಾಚೆ ಶಹಾಬಾದ್, ಇನ್ನೊಂದು ಕಡೆ ಸೇಡಂ, ಅದಕ್ಕೂ ಆಚೆ ಚಿಂಚೋಳಿ. ಕಲ್ಲಿನ ಗಣಿ, ಸಿಮೆಂಟು ಕಾರ್ಖಾನೆ, ತೊಗರಿ ಹೊಲ. ಎಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಮಂಗಳೂರಿನಿಂದ ಇಲ್ಲಿಗೆ ರಸ್ತೆಯಲ್ಲಿ 600 ಕಿಲೋಮೀಟರಿಗೂ ಹೆಚ್ಚು.

ಬಂದ ಮೊದಲ ವರ್ಷ ನನ್ನದು ಒಂದೇ ಹಟ: ತಿಂದರೆ ಕಡಲ ಮೀನೇ ತಿನ್ನಬೇಕು. ಒಂದು ಬೇಸಿಗೆಯಲ್ಲಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬಂದ ಬಂಗುಡೆ ಕಂಡಿತು. ಕಣ್ಣು ಗುಳಿ ಬಿದ್ದಿತ್ತು, ಐಸ್ ಕರಗಿ ನೀರಾಗಿತ್ತು. ಆದರೂ ಊರಿನ ಮೀನು ಎಂಬ ಆಸೆಯಲ್ಲಿ ದುಪ್ಪಟ್ಟು ದುಡ್ಡು ಕೊಟ್ಟು ತಂದೆ. ಮೆಣಸು ಜಾಸ್ತಿ ಹಾಕಿ ಗರಿಗರಿ ಆಗುವ ತನಕ ಕಾಯಿಸಿದೆವು. ತಿಂದು ಅರ್ಧ ಗಂಟೆಯಾಗಿರಲಿಲ್ಲ, ಏಳು ವರ್ಷದ ಮಗನ ಮುಖ, ಕುತ್ತಿಗೆ ಎಲ್ಲ ಕೆಂಪಾಗಿ ದಡ್ಡು ಎದ್ದಿತು, ವಾಂತಿಯೂ ಶುರುವಾಯಿತು. ಆ ರಾತ್ರಿ ಆಸ್ಪತ್ರೆಯಲ್ಲಿ ಕಳೆಯಿತು. ಮಗು ಹುಷಾರಾದ, ಅಲ್‌ಹಮ್ದುಲಿಲ್ಲಾಹ್. ಆದರೆ ಆಮೇಲೆ ಎರಡು ವರ್ಷ ನಮ್ಮ ಮನೆಗೆ ಮೀನು ಬರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಉಮ್ಮ ಪ್ರೀತಿಯಿಂದ ಬಡಿಸಿದರೂ ಅವನು "ನನಗೆ ಮೀನು ಬೇಡ" ಎಂದು ತಟ್ಟೆ ಸರಿಸುತ್ತಿದ್ದ. ಉಮ್ಮ ಮಾತನಾಡದೆ ಒಳಗೆ ಹೋಗುತ್ತಿದ್ದರು. ಬ್ಯಾರಿ ಮನೆಯ ಮಗು ಮೀನಿಗೆ ಹೆದರುವ ಹಾಗಾಯಿತಲ್ಲ ಎಂಬ ಸಂಕಟ ನನಗೆ.

ಡಾಕ್ಟರು ಅವತ್ತು ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. ಬಂಗುಡೆ, ಬೂತಾಯಿಯಂಥ ಮೀನುಗಳನ್ನು ಹಿಡಿದ ಮೇಲೆ ಸರಿಯಾಗಿ ಐಸಿನಲ್ಲಿ ಇಡದಿದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಬೆಳೆಯುತ್ತದೆ. ದಡ್ಡು, ತಲೆನೋವು, ವಾಂತಿ ಬರುವುದು ಅದರಿಂದ. ಒಮ್ಮೆ ಅದು ಮೀನಿನಲ್ಲಿ ಸೇರಿದರೆ ಎಷ್ಟು ಬೇಯಿಸಿದರೂ, ಎಷ್ಟು ಕರಿದರೂ ಹೋಗುವುದಿಲ್ಲ. ಆದ್ದರಿಂದ "ಚೆನ್ನಾಗಿ ಹುರಿದರೆ ಏನೂ ಆಗಲ್ಲ" ಎನ್ನುವ ಮಾತನ್ನು ದಯವಿಟ್ಟು ಯಾರೂ ನಂಬಬೇಡಿ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ. ಆ ದಿನಗಳಲ್ಲಿ ಘಟ್ಟದ ಮೇಲೆ ಸಿಗುವ ಕಡಲ ಮೀನು ಎಲ್ಲಿಂದ, ಯಾವಾಗ ಹೊರಟಿತು ಎಂದು ಕೇಳದೆ ತೆಗೆದುಕೊಳ್ಳಬಾರದು. 2018ರಲ್ಲಿ ಕೇರಳದಲ್ಲಿ ಫಾರ್ಮಾಲಿನ್ ಹಾಕಿದ ಮೀನು ಸಿಕ್ಕಿಬಿದ್ದ ಸುದ್ದಿಯೂ ನಿಮಗೆಲ್ಲ ನೆನಪಿರಬಹುದು.

ಹಾಗಾದರೆ ಕಡಲಿಲ್ಲದ ಊರಿನಲ್ಲಿ ಏನು ಮಾಡುವುದು? ಉತ್ತರ ನಮ್ಮ ಕಣ್ಣೆದುರೇ ಹರಿಯುತ್ತಿತ್ತು. ಸೇಡಂ, ಮಳಖೇಡದ ಕಡೆಯಿಂದ ಬಂದು ಚಿತ್ತಾಪುರ ತಾಲೂಕು ಹಾದು ಶಹಾಬಾದ್ ಹತ್ತಿರ ಭೀಮೆಯನ್ನು ಸೇರುವ ಕಾಗಿಣಾ ನದಿ. ಹೊಳೆಯಲ್ಲೂ ಕೆರೆಯಲ್ಲೂ ಕಟ್ಲಾ, ರೋಹು, ಮೃಗಾಲ್ ಸಿಗುತ್ತವೆ. ಅದೃಷ್ಟವಿದ್ದರೆ ಮರಲ್ ಕೂಡ, ಅದಕ್ಕೆ ಮುಳ್ಳು ಕಮ್ಮಿ. ಆಂಧ್ರದ ಕೆರೆಗಳಲ್ಲಿ ಸಾಕಿದ ಕಟ್ಲಾ, ರೋಹು ಐಸಿನಲ್ಲಿ ಬರುವುದೂ ಉಂಟು. ಆದರೆ ಬೆಳಗ್ಗೆ ಹಿಡಿದು ಮಧ್ಯಾಹ್ನಕ್ಕೆ ಒಲೆ ಏರುವ ಹೊಳೆ ಮೀನಿಗೆ ಅದು ಸಮವಲ್ಲ. ಇನ್ನು ನಮ್ಮ ಶಾಫಿಈ ಮನೆಗಳಿರಲಿ, ಇಲ್ಲಿಯ ಹನಫೀ ಮನೆಗಳಿರಲಿ, ಮೀನಿಗೆ ಜಬಹ್ ಬೇಕಿಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಬಲೆ ಬೀಸಿದವರು ಯಾರು ಎಂದು ವಿಚಾರಿಸುವ ಅಗತ್ಯವೂ ಇಲ್ಲ.

ಮದ್ರಸದ ಹಿಂದಿನ ಬೀದಿಯಲ್ಲಿ ಕಬ್ಬಲಿಗರ ಒಂದು ಮನೆ. ಅಲ್ಲಿಯ ಹಿರಿಯರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಒಂದು ದಿನ ಅವರು ಎರಡು ಕಿಲೋ ತೂಗುವ ಕಟ್ಲಾ ತಂದುಕೊಟ್ಟರು. ಕಿವಿರು ಕೆಂಪಗಿತ್ತು, ಬಾಲ ಇನ್ನೂ ಬಡಿಯುತ್ತಿತ್ತು. ನಾನು ಊರಿನ ಅಭ್ಯಾಸದಂತೆ ಮಸಾಲೆ, ಮೀನು ಎಲ್ಲ ಒಟ್ಟಿಗೆ ಹಾಕಿ, ಹೊಳೆ ಮೀನಿನ ವಾಸನೆ ಹೋಗಲಿ ಎಂದು ಅರ್ಧ ಗಂಟೆ ಕುದಿಸಿದೆ. ಹೊರಗೆಲ್ಲ ಪುಡಿ ಪುಡಿ, ಒಳಗೆ ಹತ್ತಿಯ ಹಾಗೆ ಒಣ. ಮರುದಿನ ಕಾಕಾ ವಿಚಾರಿಸಿದಾಗ ನಡೆದದ್ದು ಹೇಳಿದೆ. ಅವರು ನಕ್ಕು, "ಉಸ್ತಾದ್ರ, ಮಸಾಲಿ ಎಷ್ಟರ ಕುದಸ್ರಿ, ಮೀನ ಭಾಳ ಕುದಸಬ್ಯಾಡ್ರಿ. ನೀರಾಗಿನ ಜೀವ ಅದ ಅದು, ಬೆಂಕಿಗಿ ತಾಳಂಗಿಲ್ಲ" ಅಂದರು.

ಆ ಒಂದು ಮಾತಿನಲ್ಲಿ ಎಲ್ಲ ಇದೆ. ಕುರಿ, ದನದ ಮಾಂಸದಲ್ಲಿ ಗಟ್ಟಿ ನಾರು ಜಾಸ್ತಿ. ಅದು ಮೆತ್ತಗಾಗಲು ಹೊತ್ತು ಬೇಕು. ಮೀನಿನ ದೇಹವನ್ನು ನೀರೇ ಹೊರುವುದರಿಂದ ಅದಕ್ಕೆ ಅಂಥ ನಾರು ಬಹಳ ಕಡಿಮೆ. ಒಳಗಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುವಷ್ಟರಲ್ಲಿ ಮೀನು ಬೆಂದಿರುತ್ತದೆ. ಅಲ್ಲಿಂದ ಮುಂದೆ ಕೊಡುವ ಬೆಂಕಿಯೆಲ್ಲ ಬಟ್ಟೆ ಹಿಂಡಿದ ಹಾಗೆ ಅದರ ನೀರನ್ನು ಹಿಂಡಿ ತೆಗೆಯುತ್ತದೆ. ಆ ನೀರಿನೊಂದಿಗೆ ರುಚಿಯೂ ಹೋಯಿತು. ಆಮೇಲೆ ಎಷ್ಟು ಸಾರು ಸುರಿದರೂ ಒಣಗಿದ ತುಂಡು ಮತ್ತೆ ಮೆತ್ತಗಾಗುವುದಿಲ್ಲ. ಒಂದು ಇಂಚು ದಪ್ಪದ ತುಂಡಿಗೆ ಹೆಚ್ಚೆಂದರೆ 10 ನಿಮಿಷ ಎಂದು ಲೆಕ್ಕ ಇಟ್ಟುಕೊಳ್ಳಿ. ಮಾಂಸ ಗಾಜಿನ ಬಣ್ಣ ಬಿಟ್ಟು ಬೆಳ್ಳಗಾಗಿ, ಮುಳ್ಳಿನಿಂದ ಸುಲಭವಾಗಿ ಬಿಟ್ಟುಕೊಂಡರೆ ಒಲೆ ಆರಿಸುವ ಹೊತ್ತಾಯಿತು.

ಈಗ ನಮ್ಮ ಮನೆಯಲ್ಲಿ ಮಾಡುವ ಕ್ರಮ ಹೇಳುತ್ತೇನೆ. ದೊಡ್ಡ ಸಾಮಾನು ಯಾವುದೂ ಬೇಡ.

ಆರಿಸುವಾಗ: ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು. ಬೆರಳಿನಿಂದ ಒತ್ತಿದರೆ ಗುಳಿ ನಿಲ್ಲಬಾರದು. ಹುಳಿ ವಾಸನೆ, ಅಮೋನಿಯಾದಂಥ ಘಾಟು ಬಂದರೆ ಬೆಲೆ ಎಷ್ಟೇ ಇಳಿಸಲಿ, ಬೇಡ. ಕರುಳು, ಕಿವಿರು ಅಲ್ಲಿಯೇ ತೆಗೆಸಿ ತನ್ನಿ. ಬಿಸಿಲಿನ ದಿನ ಪೇಟೆಗೆ ಹೋದರೆ ಮೀನನ್ನು ಕೊನೆಗೆ ಕೊಂಡು ನೇರ ಮನೆಗೆ ಬನ್ನಿ.

ವಾಸನೆಗೆ: ಹೊಳೆ, ಕೆರೆ ಮೀನಿಗೆ ಒಂದು ಮಣ್ಣಿನ ವಾಸನೆ ಇರುತ್ತದೆ. ಕರಾವಳಿಯ ನಮ್ಮವರು ಮೂಗು ಮುರಿಯುವುದು ಅದಕ್ಕೇ. ಅದಕ್ಕೆ ಮದ್ದು ಹುಳಿ, ಬೆಂಕಿಯಲ್ಲ. ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಉಜ್ಜಿ ತೆಗೆಯಿರಿ. ಉಪ್ಪು, ಅರಿಸಿನ, ಹುಣಸೆ ನೀರು ಹಚ್ಚಿ 15 ನಿಮಿಷ ಇಟ್ಟು ತೊಳೆದರೆ ವಾಸನೆ ಬಹಳ ಮಟ್ಟಿಗೆ ಹೋಗುತ್ತದೆ. ಹುಣಸೆ ಇಲ್ಲದಿದ್ದರೆ ಲಿಂಬೆ, ಅದೂ ಇಲ್ಲದಿದ್ದರೆ ಹುಳಿ ಮಜ್ಜಿಗೆ.

ಸಾರಿಗೆ: ಒಂದು ಕಿಲೋ ಮೀನಿಗೆ ಹತ್ತು ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಒಂದು ದೊಡ್ಡ ಚಮಚ ಕೊತ್ತಂಬರಿ, ಅರ್ಧ ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಕಾಲು ಚಮಚ ಮೆಂತೆ. ಇವನ್ನು ಬೆಚ್ಚಗೆ ಹುರಿದು, ಎಂಟು ಎಸಳು ಬೆಳ್ಳುಳ್ಳಿ, ಲಿಂಬೆ ಗಾತ್ರದ ಹುಣಸೆ ಸೇರಿಸಿ ನುಣ್ಣಗೆ ಅರೆಯಿರಿ. ತೆಂಗಿನಕಾಯಿ ಬೇಕಿಲ್ಲ. ಎಣ್ಣೆಯಲ್ಲಿ ಒಂದು ನೀರುಳ್ಳಿ ಬಾಡಿಸಿ, ಅರೆದದ್ದು ಹಾಕಿ, ನೀರು, ಉಪ್ಪು ಸೇರಿಸಿ ಹಸಿ ವಾಸನೆ ಹೋಗುವ ತನಕ ಕಾಲು ಗಂಟೆ ಕುದಿಸಿ. ಇಷ್ಟು ಹೊತ್ತು ಮೀನು ಹೊರಗೇ ಇರಲಿ. ಸಾರು ಹದಕ್ಕೆ ಬಂದ ಮೇಲೆ ಉರಿ ಸಣ್ಣ ಮಾಡಿ ತುಂಡುಗಳನ್ನು ಒಂದೊಂದಾಗಿ ಬಿಡಿ. ಸೌಟು ಹಾಕಬೇಡಿ, ಪಾತ್ರೆಯ ಕಿವಿ ಹಿಡಿದು ಮೆಲ್ಲಗೆ ಅಲುಗಾಡಿಸಿದರೆ ಸಾಕು. ಏಳೆಂಟು ನಿಮಿಷಕ್ಕೆ ಒಲೆ ಆರಿಸಿ, ಅರ್ಧ ಗಂಟೆ ಮುಚ್ಚಿಡಿ. ಉಪ್ಪು ಹುಳಿ ಆಗ ಒಳಗೆ ಇಳಿಯುತ್ತದೆ.

ಹುಣಸೆಯ ಬದಲು ಇಲ್ಲಿ ಮನೆಮನೆಯಲ್ಲಿ ಸಿಗುವ ಪುಂಡಿ ಪಲ್ಲೆಯನ್ನೂ ಹಾಕಬಹುದು. ಒಂದು ಹಿಡಿ ಎಲೆ ಬಾಡಿಸಿ ಮಸಾಲೆಯ ಜೊತೆ ಅರೆದರೆ ಊರಿನ ಬಿಂಬುಳಿಯನ್ನು ನೆನಪಿಸುವ ಹುಳಿ ಬರುತ್ತದೆ. ಪಕ್ಕದ ಮನೆಯ ಆಪಾ ನನ್ನ ಮಡದಿಗೆ ಹೇಳಿಕೊಟ್ಟದ್ದು ಇದು. ಬಿಸಿ ಜೋಳದ ರೊಟ್ಟಿಗೆ ಈ ಸಾರು ಪತ್ತಿರ್‌ಗಿಂತ ಕಮ್ಮಿ ಅಲ್ಲ.

ಕಾವಲಿಯಲ್ಲಿ ಕಾಯಿಸುವುದಾದರೆ: ತುಂಡನ್ನು ಮೊದಲು ಒಣ ಬಟ್ಟೆಯಿಂದ ಒರೆಸಿ. ಒದ್ದೆ ಇದ್ದರೆ ಕಾವಲಿಗೆ ಅಂಟುತ್ತದೆ. ಮೆಣಸಿನ ಪುಡಿ, ಅರಿಸಿನ, ಜಜ್ಜಿದ ಬೆಳ್ಳುಳ್ಳಿ, ಲಿಂಬೆ, ಉಪ್ಪು ಹಚ್ಚಿ 20 ನಿಮಿಷ ಇಡಿ, ರಾತ್ರಿಯಿಡೀ ಬೇಡ. ಕುಸುಬೆ ಎಣ್ಣೆಯೋ ಶೇಂಗಾ ಎಣ್ಣೆಯೋ ಚೆನ್ನಾಗಿ ಕಾದ ಮೇಲೆ ತುಂಡು ಇಟ್ಟು ಮುಟ್ಟದೆ ಬಿಡಿ. ಅಡಿ ಕೆಂಪಾದರೆ ಅದಾಗಿಯೇ ಬಿಟ್ಟುಕೊಳ್ಳುತ್ತದೆ. ಒಂದೇ ಸಲ ಮಗುಚಿ. ಮೇಲೆ ಸ್ವಲ್ಪ ರವೆಯೋ ಅಕ್ಕಿ ಹಿಟ್ಟೋ ಉದುರಿಸಿದರೆ ಒಳಗಿನ ನೀರು ಒಳಗೇ ಉಳಿಯುತ್ತದೆ.

ಈ ಹಿಟ್ಟಿನ ಉಪಾಯ ಹೊಸತೇನಲ್ಲ. ಇಲ್ಲಿಂದ ಬಹಳ ದೂರವಿಲ್ಲದ ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ, ಚಾಲುಕ್ಯರ ಅರಸ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ ಬರೆದ. ತೊಳೆದ ಮೀನಿನ ತುಂಡಿಗೆ ಹುಣಸೆ ರಸ ಹಾಕಿ, ಹಿಟ್ಟು ಉದುರಿಸಿ, ಎಣ್ಣೆಯಲ್ಲಿ ಕರಿದು, ಉಪ್ಪು, ಮೆಣಸು, ಏಲಕ್ಕಿ ಪುಡಿ ಹಾಕುವ ಕ್ರಮ ಅದರಲ್ಲಿದೆ. ಬಯಲು ಸೀಮೆಯವರಿಗೆ ಮೀನು ಏನು ಗೊತ್ತು ಎಂದು ನಾವು ಕರಾವಳಿಯವರು ಸಲೀಸಾಗಿ ಹೇಳಿಬಿಡುತ್ತೇವೆ. ಒಂಬೈನೂರು ವರ್ಷದ ಹಿಂದೆಯೇ ಇವರಿಗೆ ಗೊತ್ತಿತ್ತು.

ಮಕ್ಕಳಿಗೆ, ವಯಸ್ಸಾದವರಿಗೆ: ಹಸಿಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಉಪ್ಪು, ಲಿಂಬೆ ಅರೆದು ತುಂಡಿಗೆ ಹಚ್ಚಿ, ಬಾಳೆ ಎಲೆಯಲ್ಲಿ ಸುತ್ತಿ ಇಡ್ಲಿ ಪಾತ್ರೆಯಲ್ಲಿ 10-12 ನಿಮಿಷ ಆವಿಗೆ ಇಡಿ. ಎಣ್ಣೆ ಬೇಕಾಗಿಲ್ಲ. ಮೀನು ತನ್ನ ನೀರಿನಲ್ಲೇ ಬೇಯುತ್ತದೆ. ಆದರೆ ಹೊಳೆ ಮೀನಿನ ಸಣ್ಣ ಮುಳ್ಳಿನ ಬಗ್ಗೆ ಜಾಗ್ರತೆ. ಮಕ್ಕಳಿಗೆ ಹೊಟ್ಟೆಯ ಭಾಗದ ತುಂಡು ಕೊಡಿ, ಅಲ್ಲಿರುವುದು ದೊಡ್ಡ ಮುಳ್ಳು, ತೆಗೆಯಲು ಸುಲಭ. ಬಾಲದ ಕಡೆ ಸಣ್ಣ ಮುಳ್ಳು ಜಾಸ್ತಿ, ಅದನ್ನು ದೊಡ್ಡವರು ತಿನ್ನಲಿ.

ಫ್ರಿಜ್ಜಿನಲ್ಲಿ ಗಟ್ಟಿಯಾದ ಮೀನನ್ನು ಬಿಸಿ ನೀರಿಗೆ ಹಾಕಿ ಕರಗಿಸಬೇಡಿ. ಹಿಂದಿನ ರಾತ್ರಿಯೇ ಫ್ರೀಜರಿನಿಂದ ಕೆಳಗಿನ ಅಂಕಣಕ್ಕೆ ಇಳಿಸಿ. ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ.

ನಮ್ಮ ಮನೆಯಲ್ಲಿ ಮೀನು ಮರಳಿ ಬಂದದ್ದು ಈ ಆವಿಯ ಮೀನಿನಿಂದ. ಮಗನನ್ನು ಒತ್ತಾಯ ಮಾಡಲಿಲ್ಲ. ಅವನನ್ನೇ ಹೊಳೆ ದಂಡೆಗೆ ಕರೆದುಕೊಂಡು ಹೋದೆ, ಕಾಕಾ ಬಲೆ ಎಳೆಯುವುದನ್ನು ನೋಡಿದ. ತಂದ ಮೀನು ಬದುಕಿತ್ತು ಎಂದು ಅವನಿಗೇ ಗೊತ್ತು. ಎಲೆ ಬಿಚ್ಚಿದಾಗ ಒಂದು ಚೂರು ಮುಟ್ಟಿ ನೋಡಿದ, ಆಮೇಲೆ ಬಾಯಿಗೆ ಹಾಕಿದ. ಅವತ್ತು ಅಷ್ಟೇ ತಿಂದದ್ದು. ಮುಂದಿನ ವಾರ ಒಂದು ತುಂಡು. ಹೋದ ವರ್ಷ ಉಮ್ಮ ಇಲ್ಲಿಗೆ ಬಂದಿದ್ದಾಗ ಅವರ ತಟ್ಟೆಯ ಮೀನಿನ ಮುಳ್ಳು ಬಿಡಿಸಿಕೊಟ್ಟದ್ದು ಅವನೇ. ಹೊಳೆ ಮೀನು ನನಗೆ ಸೇರುವುದಿಲ್ಲ ಎಂದು ಮೊದಲೇ ಹೇಳಿದ್ದ ಉಮ್ಮ, ಊಟ ಮುಗಿಯುವಾಗ ಕೇಳಿದ್ದು ಒಂದೇ: "ನಾಳೆಯೂ ಇದು ಸಿಗುತ್ತದಾ ಮೋನೇ?"

ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಗಲ್ಫಿನ ರೂಮುಗಳಲ್ಲೋ ಒಬ್ಬರೇ ಅಡುಗೆ ಮಾಡಿಕೊಳ್ಳುವ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಇವತ್ತು ಫೋನ್ ಮಾಡಿದಾಗ ಅವರಿಗೆ ಇಷ್ಟು ಹೇಳಿ: ಎಲ್ಲಿದ್ದೀರೋ ಅಲ್ಲಿಯ ತಾಜಾ ಮೀನು ಹುಡುಕಿ, ಮಸಾಲೆ ಬೇಕಾದಷ್ಟು ಕುದಿಸಿ, ಮೀನನ್ನು ಕೊನೆಗೆ ಹಾಕಿ, ಬೆಂದ ಕೂಡಲೇ ಒಲೆ ಆರಿಸಿ.