ಸೂರ್ಯನ ಸಿಡಿತಕ್ಕೆ ದರ್ಜೆ ನೀಡುವುದು ಹೇಗೆ?

2017ರ ಸೆಪ್ಟೆಂಬರ್ 6ರಂದು ಸೂರ್ಯನಲ್ಲಿ ಸಂಭವಿಸಿದ ಸ್ಫೋಟವೊಂದು ಅಂದಿನ ದಾಖಲೆಗಳಲ್ಲಿ ‘ಎಕ್ಸ್-9.3’ ಎಂದು ನಮೂದಾಯಿತು. 2024ರ ಅಕ್ಟೋಬರ್ 3ರ ಸ್ಫೋಟಕ್ಕೆ ದೊರೆತ ದರ್ಜೆ ‘ಎಕ್ಸ್-9.0’. ಎರಡೂ ಹೆಚ್ಚುಕಡಿಮೆ ಸಮಬಲದವು ಎಂದು ಪಟ್ಟಿ ನೋಡಿದವರಿಗೆ ಅನಿಸುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ಮೊದಲನೆಯದು ಎರಡನೆಯದಕ್ಕಿಂತ ಸುಮಾರು ಒಂದೂವರೆ ಪಟ್ಟು ಪ್ರಬಲವಾಗಿತ್ತು. ಈ ವ್ಯತ್ಯಾಸ ಪಟ್ಟಿಯಲ್ಲಿ ಕಾಣದಿರುವುದಕ್ಕೆ ಕಾರಣ ಸೂರ್ಯನಲ್ಲ, ಅಳತೆಗೋಲು. ಸೌರಜ್ವಾಲೆಗಳನ್ನು ಗುರುತಿಸುವ ಮತ್ತು ದಾಖಲಿಸುವ ಕ್ರಮವನ್ನು ಅರಿತರೆ ಇದು ಸ್ಪಷ್ಟವಾಗುತ್ತದೆ.

ಕ್ಷ-ಕಿರಣವೇ ಏಕೆ?

ಸೌರಕಲೆಗಳ ಮೇಲ್ಭಾಗದಲ್ಲಿ ತಿರುಚಿಕೊಂಡ ಕಾಂತಕ್ಷೇತ್ರವು ಹಠಾತ್ತನೆ ಮರುಜೋಡಣೆಗೊಂಡಾಗ ಅಪಾರ ಶಕ್ತಿ ಬಿಡುಗಡೆಯಾಗುತ್ತದೆ. ಸುತ್ತಲಿನ ಅನಿಲ ಕೆಲವೇ ನಿಮಿಷಗಳಲ್ಲಿ ಒಂದು ಕೋಟಿ ಡಿಗ್ರಿಗೂ ಮಿಗಿಲಾಗಿ ಕಾಯುತ್ತದೆ. ಇದೇ ಸೌರಜ್ವಾಲೆ. ಇಷ್ಟು ಬಿಸಿಯಾದ ಅನಿಲ ಹೇರಳವಾಗಿ ಹೊರಸೂಸುವುದು ಕ್ಷ-ಕಿರಣಗಳನ್ನು. ಸೂರ್ಯನ ಒಟ್ಟು ಬೆಳಕಿನಲ್ಲಿ ದೊಡ್ಡ ಜ್ವಾಲೆಯೂ ಗಮನಕ್ಕೆ ಬಾರದಷ್ಟು ಅಲ್ಪ. ಆದರೆ ಕ್ಷ-ಕಿರಣದಲ್ಲಿ ನೋಡಿದರೆ ಸೂರ್ಯನ ಪ್ರಕಾಶ ನೂರಾರು ಪಟ್ಟು ಏರಬಲ್ಲದು.

ಭೂಮಿಯ ವಾಯುಮಂಡಲ ಈ ಕಿರಣಗಳನ್ನು ಮೇಲೆಯೇ ಹೀರಿಕೊಳ್ಳುವುದರಿಂದ ನೆಲದ ಮೇಲಿನ ಯಾವ ದೂರದರ್ಶಕಕ್ಕೂ ಅವು ದಕ್ಕುವುದಿಲ್ಲ. ಹೀಗಾಗಿ ಉಪಗ್ರಹ ಅನಿವಾರ್ಯ. ಅಮೆರಿಕದ ‘ಗೋಸ್’ ಸರಣಿಯ ಹವಾಮಾನ ಉಪಗ್ರಹಗಳು 1970ರ ದಶಕದ ಮಧ್ಯಭಾಗದಿಂದಲೂ 1ರಿಂದ 8 ಆಂಗ್‌ಸ್ಟ್ರಮ್ ತರಂಗಾಂತರದ ಕ್ಷ-ಕಿರಣವನ್ನು ಸತತವಾಗಿ ಅಳೆಯುತ್ತಿವೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಜ್ವಾಲೆಗಳ ಪಟ್ಟಿಗೆ ಇದೇ ಆಧಾರ.

ಐದು ದರ್ಜೆಗಳು

ಪ್ರತಿ ಚದರ ಮೀಟರಿಗೆ ಬೀಳುವ ಕ್ಷ-ಕಿರಣದ ಗರಿಷ್ಠ ಪ್ರಮಾಣವನ್ನು ಆಧರಿಸಿ ಎ, ಬಿ, ಸಿ, ಎಂ, ಎಕ್ಸ್ ಎಂಬ ಐದು ದರ್ಜೆಗಳನ್ನು ನಿಗದಿಪಡಿಸಲಾಗಿದೆ. ಒಂದೊಂದು ದರ್ಜೆಯೂ ಹಿಂದಿನದಕ್ಕಿಂತ ಹತ್ತು ಪಟ್ಟು ಪ್ರಬಲ. ಎ-1 ಎಂದರೆ ಒಂದು ವ್ಯಾಟ್‌ನ ಹತ್ತು ಕೋಟಿಯಲ್ಲಿ ಒಂದು ಭಾಗ. ಎಕ್ಸ್-1 ಎಂದರೆ ಹತ್ತು ಸಾವಿರದಲ್ಲಿ ಒಂದು ಭಾಗ. ಎಕ್ಸ್ ದರ್ಜೆಗೆ ಮೇಲ್ಮಿತಿಯಿಲ್ಲ.

ಗಣಕಯಂತ್ರ ಜ್ವಾಲೆಯನ್ನು ಗುರುತಿಸಲು ಸರಳ ನಿಯಮವೊಂದಿದೆ. ನಿಮಿಷಕ್ಕೊಂದರಂತೆ ದೊರೆಯುವ ಅಳತೆಗಳಲ್ಲಿ ಸತತ ನಾಲ್ಕು ಏರುತ್ತಲೇ ಇರಬೇಕು. ನಾಲ್ಕೂ ಬಿ-1 ಮಟ್ಟವನ್ನು ಮೀರಿರಬೇಕು. ನಾಲ್ಕನೆಯದು ಮೊದಲನೆಯದರ 1.4 ಪಟ್ಟಿಗಿಂತ ಹೆಚ್ಚಿರಬೇಕು. ಹೀಗಾದಲ್ಲಿ ಮೊದಲ ನಿಮಿಷವೇ ಜ್ವಾಲೆಯ ಆರಂಭಕಾಲ. ಅತ್ಯಧಿಕ ಅಳತೆ ಬಂದ ನಿಮಿಷ ಅದರ ಶಿಖರ. ಶಿಖರಕ್ಕೂ ಜ್ವಾಲೆಯ ಮುಂಚಿನ ಮಟ್ಟಕ್ಕೂ ನಡುವಿನ ಅರ್ಧಕ್ಕೆ ಇಳಿದಾಗ ಜ್ವಾಲೆ ಮುಗಿಯಿತೆಂದು ಬರೆದುಕೊಳ್ಳಲಾಗುತ್ತದೆ. ಅನಿಲ ಆ ಬಳಿಕವೂ ಬಿಸಿಯಾಗಿಯೇ ಇರಬಹುದು. ಪಟ್ಟಿಯ ಮಟ್ಟಿಗೆ ಮಾತ್ರ ಅಲ್ಲಿಗೆ ಮುಕ್ತಾಯ.

ಕಾಣದೆ ಹೋಗುವ ಜ್ವಾಲೆಗಳು

ನಿಯಮ ಸರಳವಾದಷ್ಟೂ ಅದರ ಕಣ್ಣು ತಪ್ಪಿಸಿಕೊಳ್ಳುವ ಘಟನೆಗಳು ಹೆಚ್ಚು. ನಿಧಾನವಾಗಿ ಏರುವ ಜ್ವಾಲೆ ನಾಲ್ಕು ನಿಮಿಷದ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುತ್ತದೆ. ಗೋಸ್‌ನ ಈ ಶೋಧಕಗಳು ಇಡೀ ಸೂರ್ಯನಿಂದ ಬರುವ ಕಿರಣವನ್ನು ಒಟ್ಟಾಗಿ ಅಳೆಯುವುದರಿಂದ, ದೊಡ್ಡ ಜ್ವಾಲೆ ಇಳಿಯುವ ಹೊತ್ತಿನಲ್ಲಿ ಇನ್ನೊಂದೆಡೆ ಸಿಡಿದ ಸಣ್ಣದು ಅದರ ನೆರಳಿನಲ್ಲಿ ಅಡಗಿಹೋಗುತ್ತದೆ.

ಹಿನ್ನೆಲೆಯ ಪ್ರಶ್ನೆ ಇದಕ್ಕಿಂತಲೂ ಗಂಭೀರ. ಸೂರ್ಯನ ಚಟುವಟಿಕೆ ತುತ್ತತುದಿಯಲ್ಲಿರುವಾಗ ಜ್ವಾಲೆಯಿಲ್ಲದ ಹೊತ್ತಿನಲ್ಲೂ ಕ್ಷ-ಕಿರಣದ ಮಟ್ಟ ಸಿ ದರ್ಜೆಯನ್ನು ಮುಟ್ಟಬಲ್ಲದು. ಅಂಥ ದಿನಗಳಲ್ಲಿ ಎ ಮತ್ತು ಬಿ ದರ್ಜೆಯ ಜ್ವಾಲೆಗಳು ಪಟ್ಟಿ ಸೇರುವ ಮಾತೇ ಇಲ್ಲ. ಸೂರ್ಯ ಅತ್ಯಂತ ಉಗ್ರನಾಗಿರುವ ವರ್ಷಗಳಲ್ಲಿ ಸಣ್ಣ ಜ್ವಾಲೆಗಳು ವಿರಳವೆಂದು ದಾಖಲೆ ಹೇಳುವುದು ಈ ಕಾರಣಕ್ಕೆ. ಅಲ್ಲದೆ, ಪಟ್ಟಿಯ ದರ್ಜೆಯಲ್ಲಿ ಹಿನ್ನೆಲೆಯೂ ಸೇರಿರುತ್ತದೆ. ಹಿನ್ನೆಲೆ ಸಿ-1 ಇರುವಾಗ ಸಿ-2 ಎಂದು ದಾಖಲಾದ ಜ್ವಾಲೆಯ ಸ್ವಂತ ಪಾಲು ಅರ್ಧ ಮಾತ್ರ. ಇದನ್ನು ಕಳೆಯದೆ ಎರಡು ಕಾಲಘಟ್ಟಗಳನ್ನು ಹೋಲಿಸುವುದು ಸರಿಯಲ್ಲ.

ಇನ್ನೊಂದು ತುದಿಯಲ್ಲೂ ತೊಡಕಿದೆ. 2003ರ ನವೆಂಬರ್ 4ರ ಮಹಾಜ್ವಾಲೆ ಎಕ್ಸ್-17 ದಾಟುತ್ತಿದ್ದಂತೆ ಗೋಸ್ ಶೋಧಕದ ಸಾಮರ್ಥ್ಯವೇ ಮುಗಿದುಹೋಯಿತು. ಅದರ ಬಲ ಎಕ್ಸ್-28 ಎಂದು ಬಳಿಕ ಅಂದಾಜಿಸಲಾಯಿತು. ಭೂಮಿಯ ಅಯಾನುಗೋಳದ ಮೇಲಾದ ಪರಿಣಾಮದಿಂದ ಲೆಕ್ಕ ಹಾಕಿದ ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ಸಂಶೋಧಕರು ಎಕ್ಸ್-45 ಎಂದರು. ಒಂದೇ ಜ್ವಾಲೆಗೆ ಎರಡು ಉತ್ತರ!

ಅಳತೆಗೋಲು ಬದಲಾದಾಗ

ಆರಂಭದಲ್ಲಿ ಹೇಳಿದ ಒಗಟಿಗೆ ಈಗ ಮರಳೋಣ. ಗೋಸ್-8ರಿಂದ ಗೋಸ್-15ರವರೆಗಿನ ಉಪಗ್ರಹಗಳ ಅಳತೆಯನ್ನು ಅವುಗಳಿಗಿಂತ ಹಳೆಯ ಉಪಗ್ರಹಗಳ ಅಳತೆಗೆ ಸರಿಹೊಂದಿಸಲು 0.7ರಿಂದ ಗುಣಿಸಿ ಪ್ರಕಟಿಸಲಾಗುತ್ತಿತ್ತು. ದಾಖಲೆಯ ಸರಣಿ ಕಡಿಯದಿರಲಿ ಎಂಬುದೇ ಅದರ ಉದ್ದೇಶ. ಗೋಸ್-16ರಿಂದೀಚೆಗೆ ಈ ಗುಣಾಕಾರವನ್ನು ಕೈಬಿಡಲಾಗಿದೆ. ಆದ್ದರಿಂದ ಹಳೆಯ ಎಂ-7 ಇಂದಿನ ಎಕ್ಸ್-1ಕ್ಕೆ ಸಮ. 2017ರ ಎಕ್ಸ್-9.3 ಇಂದಿನ ಅಳತೆಯಲ್ಲಿ ಎಕ್ಸ್-13ನ್ನು ಮೀರುತ್ತದೆ. ಇದನ್ನು ಅರಿಯದೆ ಹಳೆಯ ಮತ್ತು ಹೊಸ ಪಟ್ಟಿಗಳನ್ನು ಒಟ್ಟುಗೂಡಿಸಿದರೆ ಎಕ್ಸ್ ದರ್ಜೆಯ ಜ್ವಾಲೆಗಳು ಇತ್ತೀಚೆಗೆ ಏಕಾಏಕಿ ಹೆಚ್ಚಾದವೆಂಬ ತಪ್ಪು ತೀರ್ಮಾನಕ್ಕೆ ಬರುವ ಅಪಾಯವಿದೆ.

ಇದು ಕೇವಲ ವಿಜ್ಞಾನಿಗಳ ಲೆಕ್ಕಾಚಾರವಲ್ಲ. ಜ್ವಾಲೆಯ ಕ್ಷ-ಕಿರಣ ಬೆಳಕಿನ ವೇಗದಲ್ಲಿ ಸುಮಾರು ಎಂಟು ನಿಮಿಷದಲ್ಲಿ ಭೂಮಿಯನ್ನು ತಲುಪಿ, ಹಗಲಿರುವ ಭಾಗದ ಅಯಾನುಗೋಳವನ್ನು ಕಲಕಿ ಕಿರುತರಂಗ ರೇಡಿಯೋ ಸಂಪರ್ಕವನ್ನು ಕಡಿಯುತ್ತದೆ. 2017ರ ಸೆಪ್ಟೆಂಬರ್ 6 ಇರ್ಮಾ ಚಂಡಮಾರುತ ಕೆರಿಬಿಯನ್ ದ್ವೀಪಗಳಿಗೆ ಅಪ್ಪಳಿಸಿದ ದಿನವೂ ಹೌದು. ತುರ್ತು ಸಂದೇಶಗಳಿಗೆ ರೇಡಿಯೋ ಅತ್ಯಗತ್ಯವಾಗಿದ್ದ ಹೊತ್ತಿನಲ್ಲೇ ಅದು ಮೌನವಾಯಿತು. ಜ್ವಾಲೆ ಸಿಡಿದ ಮೇಲೆ ಎಚ್ಚರಿಸಲು ಸಮಯವಿಲ್ಲ, ಮೊದಲೇ ಊಹಿಸಬೇಕು. ಆ ಊಹೆಯ ಸೂತ್ರಗಳು ರೂಪುಗೊಳ್ಳುವುದು ದಶಕಗಳ ಪಟ್ಟಿಯಿಂದ. ಪಟ್ಟಿ ತಪ್ಪಿದರೆ ಮುನ್ಸೂಚನೆಯೂ ತಪ್ಪುತ್ತದೆ.

ಬೆಂಗಳೂರಿನ ಪಾಲು

ಒಂದೇ ಅಳತೆಗೋಲನ್ನು ನೆಚ್ಚಿಕೊಳ್ಳದೆ ಬೇರೆ ಬೇರೆ ಉಪಕರಣಗಳ ದಾಖಲೆಯನ್ನು ತಾಳೆ ನೋಡುವುದೇ ಇದಕ್ಕಿರುವ ಪರಿಹಾರ. ಇಲ್ಲಿ ಭಾರತದ ಕೊಡುಗೆ ಗಮನಾರ್ಹ. 2019ರ ಜುಲೈ 22ರಂದು ಉಡಾವಣೆಗೊಂಡ ಚಂದ್ರಯಾನ-2ರಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ನಿರ್ಮಿಸಿದ ಸೌರ ಕ್ಷ-ಕಿರಣ ಮಾಪಕವಿದೆ. ಸೂರ್ಯ ತೀರಾ ಶಾಂತವಾಗಿದ್ದ 2019-20ರ ಅವಧಿಯಲ್ಲಿ, ಸೌರಕಲೆಗಳಿಲ್ಲದ ಪ್ರದೇಶಗಳಲ್ಲೇ, ಎ ದರ್ಜೆಗಿಂತಲೂ ಕೆಳಗಿನ 98 ಕಿರುಜ್ವಾಲೆಗಳನ್ನು ಅದು ಪತ್ತೆಹಚ್ಚಿತು. ಗೋಸ್ ನಿಯಮದ ಬಿ-1 ಮಿತಿಗೆ ಇವು ಸಿಗುವಂಥವಲ್ಲ.

2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆಯನ್ನು ಸೇರಿತು. ಅದರ ಎರಡು ಕ್ಷ-ಕಿರಣ ಉಪಕರಣಗಳಾದ ‘ಸೋಲೆಕ್ಸ್’ ಮತ್ತು ‘ಹೀಲಿಯೋಸ್’ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸಿದ್ಧಗೊಂಡವು. ಸೋಲೆಕ್ಸ್‌ನಲ್ಲಿ ಎರಡು ಶೋಧಕಗಳಿವೆ. ದೊಡ್ಡ ಕಿಂಡಿಯದು ಸಣ್ಣ ಜ್ವಾಲೆಗಳಿಗೆ, ಸಣ್ಣ ಕಿಂಡಿಯದು ಮಹಾಜ್ವಾಲೆಗಳಿಗೆ. 2003ರಂತೆ ಶೋಧಕ ಸೋತು ಕೈಚೆಲ್ಲದಿರಲೆಂದೇ ಈ ಏರ್ಪಾಡು. ಜ್ವಾಲೆಯ ಆರಂಭಿಕ ಹಂತದ ಪ್ರಬಲ ಕ್ಷ-ಕಿರಣವನ್ನು ಅಳೆಯುವ ಹೀಲಿಯೋಸ್ ಕಕ್ಷೆ ಸೇರುವ ಮುನ್ನವೇ, 2023ರ ಅಕ್ಟೋಬರ್ 29ರಂದು, ತನ್ನ ಮೊದಲ ಜ್ವಾಲೆಯನ್ನು ದಾಖಲಿಸಿತು. ವರ್ಷಕ್ಕೆ ಎರಡು ಬಾರಿ ಗೋಸ್ ಉಪಗ್ರಹಗಳು ಪ್ರತಿದಿನ ಕೆಲಹೊತ್ತು ಭೂಮಿಯ ನೆರಳಿಗೆ ಸರಿಯುತ್ತವೆ. ಆದಿತ್ಯನಿಗೆ ಆ ಬಾಧೆಯಿಲ್ಲ. ಬೆಂಗಳೂರಿಗೆ ಸಮೀಪದ ಬ್ಯಾಲಾಳುವಿನ ಕೇಂದ್ರದಲ್ಲಿ ಸಂಗ್ರಹವಾಗುವ ಈ ಮಾಹಿತಿ 2025ರ ಜನವರಿಯಿಂದ ಎಲ್ಲ ಸಂಶೋಧಕರಿಗೂ ಮುಕ್ತವಾಗಿದೆ.

‘ಎಕ್ಸ್ ದರ್ಜೆಯ ಸೌರಜ್ವಾಲೆ’ ಎಂಬ ಸುದ್ದಿ ಇನ್ನು ಮುಂದೆ ಕಣ್ಣಿಗೆ ಬಿದ್ದಾಗ ಅದು ಯಾವ ಕಾಲದ ಅಳತೆ, ಹಿನ್ನೆಲೆ ಎಷ್ಟಿತ್ತು ಎಂದು ಕೇಳಿಕೊಳ್ಳುವುದು ಒಳಿತು. ಸೂರ್ಯನ ಚರಿತ್ರೆಯನ್ನು ನಾವು ಓದುತ್ತಿರುವುದು ಇಂಥ ಪಟ್ಟಿಗಳ ಮೂಲಕವೇ. ಬರೆದ ನಿಯಮವನ್ನು ತಿಳಿಯದೆ ಬರೆದದ್ದನ್ನು ನಂಬಲಾಗದು.