ಕೊಂದರೂ ಮರಳುವ ರಕ್ಕಸ: ಕಾಮಿಕ್ಸ್‌ಗೆ ಒದಗುವ ಭೀಮಾ ತೀರದ ಕಥೆಗಳು

ಸತ್ತನೆಂದು ನಂಬಿದ್ದ ಖಳ ಮರಳಿ ಬರುತ್ತಾನೆ. ಅವನನ್ನು ಹಿಂದೆ ಸೋಲಿಸಿದ ಆಯುಧ ಈಗ ಫಲಿಸದು. ‘ಡಾರ್ಕ್ ಫ್ಯಾಂಟಸಿ’ ಎಂದು ಕರೆಯಲಾಗುವ ಕಾಮಿಕ್ಸ್‌ಗಳ ಮೂಲದ್ರವ್ಯ ಬಹುಮಟ್ಟಿಗೆ ಇಷ್ಟೇ. ಅಮೆರಿಕದ ಮೈಕ್ ಮಿಗ್ನೋಲಾ 1994ರಲ್ಲಿ ಆರಂಭಿಸಿದ ‘ಹೆಲ್‌ಬಾಯ್’ ಸರಣಿಯಲ್ಲಿ ರಷ್ಯಾದ ರಾಸ್ಪುಟಿನ್ ಸಾವಿನ ನಂತರವೂ ಹಿಂತಿರುಗುತ್ತಾನೆ. ಅವನನ್ನು ಎದುರಿಸುವ ನಾಯಕನಾದರೋ ಲೋಕನಾಶಕ್ಕೆಂದೇ ಭೂಮಿಗೆ ಕರೆತರಲಾದ ಪಿಶಾಚ ಶಿಶು.

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಈ ಕಥಾತಂತ್ರ ಹೊಸತೇನಲ್ಲ. ಉತ್ತರ ಕರ್ನಾಟಕದಲ್ಲಿ ನವರಾತ್ರಿ ಬಂತೆಂದರೆ ಗುಡಿ, ಮಠಗಳಲ್ಲಿ ಚಿದಾನಂದಾವಧೂತರ ‘ದೇವಿ ಮಹಾತ್ಮೆ’ಯ ಪಾರಾಯಣ ನಡೆಯುತ್ತದೆ. ಜನ ಅದನ್ನು ದೇವಿ ಪುರಾಣವೆಂದೇ ಕರೆಯುವುದು ರೂಢಿ. ಅದರಲ್ಲಿ ಬರುವ ರಕ್ತಬೀಜಾಸುರನಷ್ಟು ಕಾಮಿಕ್ಸ್‌ಗೆ ಹೇಳಿಮಾಡಿಸಿದ ಖಳ ಇನ್ನೊಬ್ಬನಿರಲಾರ. ಅವನ ಒಂದೊಂದು ಹನಿ ರಕ್ತ ನೆಲಕ್ಕೆ ಬಿದ್ದಾಗಲೂ ಅವನಂಥ ಇನ್ನೊಬ್ಬ ಏಳುತ್ತಾನೆ. ಹೊಡೆದಷ್ಟೂ ಶತ್ರು ಹೆಚ್ಚುತ್ತಾನೆ. ಅಂದರೆ ವೀರರ ಪರಾಕ್ರಮವೇ ಇಲ್ಲಿ ಅವರಿಗೆ ಮುಳುವು. ಕಡೆಗೆ ಕಾಳಿ ಬಾಯಿ ತೆರೆದು, ರಕ್ತ ನೆಲ ಮುಟ್ಟುವ ಮುನ್ನವೇ ಕುಡಿದುಬಿಡುತ್ತಾಳೆ.

ಚಿತ್ರಕಾರನ ದೃಷ್ಟಿಯಿಂದ ನೋಡಿದರೆ ಇದರ ಸೊಗಸು ತಿಳಿಯುತ್ತದೆ. ಮೊದಲ ಚೌಕದಲ್ಲಿ ಒಬ್ಬ ಅಸುರ, ಮುಂದಿನದರಲ್ಲಿ ಇಬ್ಬರು, ಅದರ ಮುಂದಿನದರಲ್ಲಿ ಲೆಕ್ಕವಿಲ್ಲದಷ್ಟು. ಪುಟ ತಿರುವಿದರೆ ಚೌಕಗಳೇ ಇಲ್ಲ, ಹಾಳೆಯ ತುಂಬ ಕಾಳಿಯ ನಾಲಿಗೆ. ಪುರಾಣಿಕರು ಧ್ವನಿ ಏರಿಳಿಸಿ ಸಾಧಿಸುವುದನ್ನು ಕಾಮಿಕ್ಸ್ ಚೌಕದ ಅಳತೆಯಿಂದ, ಕಪ್ಪು ಶಾಯಿಯ ದಟ್ಟಣೆಯಿಂದ ಸಾಧಿಸುತ್ತದೆ.

ಹಾಗಿದ್ದೂ ಕನ್ನಡದಲ್ಲಿ ಈ ಬಗೆಯ ಸ್ವಂತ ಪರಂಪರೆ ಬೆಳೆಯಲಿಲ್ಲವೆಂಬುದು ಖೇದಕರ. ಆರಂಭವೇನೋ ಇಲ್ಲಿಯೇ ಆಗಿತ್ತು. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಇಂಡಿಯಾ ಬುಕ್ ಹೌಸ್ ಹತ್ತು ಪಾಶ್ಚಾತ್ಯ ಕಥೆಗಳನ್ನು ಕನ್ನಡ ಕಾಮಿಕ್ಸ್ ರೂಪದಲ್ಲಿ ತಂದಿತು. ಕಾರ್ಕಳ ಮೂಲದ ಅನಂತ ಪೈ ರೂಪಿಸಿದ ‘ಅಮರ ಚಿತ್ರ ಕಥಾ’ದ ‘ಕೃಷ್ಣ’ ಸಂಚಿಕೆಗೆ 11ನೇ ಸಂಖ್ಯೆ ಬಿದ್ದದ್ದು ಆ ಹತ್ತರ ಕಾರಣದಿಂದಲೇ. ಹಿಂದಿಯಲ್ಲಿ ರಾಜ್ ಕಾಮಿಕ್ಸ್ ನಾಗರಾಜನಂಥ ನಾಯಕರನ್ನು ಸೃಷ್ಟಿಸಿ ಮಕ್ಕಳನ್ನು ಸೆಳೆಯಿತು. ಕನ್ನಡದ ಮಕ್ಕಳಿಗೆ ದೊರೆತದ್ದು ಹೆಚ್ಚಾಗಿ ಅನುವಾದ.

ಕಥೆಗಳ ಕೊರತೆಯಂತೂ ಇದಕ್ಕೆ ಕಾರಣವಲ್ಲ. ಜೇವರ್ಗಿಯಿಂದ ಕೆಳಕ್ಕೆ, ಚಿತ್ತಾಪುರ ತಾಲ್ಲೂಕಿನ ಭೀಮಾ ದಂಡೆಯಲ್ಲಿರುವ ಸನ್ನತಿಯ ಚಂದ್ರಲಾಂಬೆಯ ಐತಿಹ್ಯದಲ್ಲಿ ದುಷ್ಟ ಸೇತುರಾಜನ ಮೇಲೆರಗುವುದು ಕತ್ತಿಯಲ್ಲ, ದುಂಬಿಗಳ ಹಿಂಡು. ವೈಕುಂಠದ ದ್ವಾರಪಾಲಕರಾದ ಜಯ-ವಿಜಯರು ಶಾಪಕ್ಕೆ ಸಿಕ್ಕಿ ಹಿರಣ್ಯಾಕ್ಷ-ಹಿರಣ್ಯಕಶಿಪು, ರಾವಣ-ಕುಂಭಕರ್ಣ, ಶಿಶುಪಾಲ-ದಂತವಕ್ರರಾಗಿ ಮೂರು ಬಾರಿ ಮರಳುವ ಕಥೆಯಂತೂ ಎಲ್ಲರೂ ಬಲ್ಲದ್ದು.

ಇವೆಲ್ಲಕ್ಕಿಂತ ಭಿನ್ನವಾದುದು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಕಥೆ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿ ಭೀಮೆಯನ್ನು ಸೇರುವುದು ಇಲ್ಲಿಯೇ. ಈ ಊರಿಗೆ ನರಸಿಂಹ ಸರಸ್ವತಿ ಸ್ವಾಮಿಗಳು ಬಂದಾಗ ಅಶ್ವತ್ಥ ಮರವೊಂದರಲ್ಲಿ ಬ್ರಹ್ಮರಾಕ್ಷಸನಿದ್ದನೆಂದು ‘ಗುರುಚರಿತ್ರೆ’ ಹೇಳುತ್ತದೆ. ಜನ ಅವನಿಗೆ ಹೆದರುತ್ತಿದ್ದರು. ಗುರುಗಳು ಅವನೊಡನೆ ಕಾದಲಿಲ್ಲ, ಸಂಹರಿಸಲೂ ಇಲ್ಲ. ಆ ಜನ್ಮದಿಂದ ಅವನನ್ನು ಬಿಡುಗಡೆ ಮಾಡಿದರು. ಕೊಲ್ಲದೆ ಮುಕ್ತಗೊಳಿಸಿದ್ದರಿಂದ ಅವನು ಮರಳಿ ಬರುವ ಪ್ರಶ್ನೆಯೇ ಉಳಿಯಲಿಲ್ಲ. ಒಂದೇ ಒಂದು ಹೊಡೆತವಿಲ್ಲದ ಇಂಥ ಮುಕ್ತಾಯವನ್ನು ಚೌಕಗಳಲ್ಲಿ ರೋಚಕವಾಗಿ ಬರೆಯುವುದು ಕಾಳಿಯ ನಾಲಿಗೆಯನ್ನು ಬರೆಯುವುದಕ್ಕಿಂತ ಕಷ್ಟದ ಕೆಲಸ.